ತಟ್ಟೆ ಮೇಲಿನ ಅಕ್ಷರ

ಕಾಂಪೌಂಡರ ಬಲಗೈ ಬೆರಳ ತುದಿ ಯಾವಾಗ್ಲೂ ಬೆಳ್ಳಗೆ ಸುಕ್ಕುಗಟ್ಟಿರ್ತಿತ್ತು. ನೀರು ತಿಳಿ ಮಾಡೋ ಪಟಿಕ ಕರಗಿಸಿ ಕರಗಿಸಿ ಹಂಗಾಗಿತ್ತು. ಜಡೆ ಅನ್ನೋ ಊರಿನವರು. ಸೊರಬ ಸೀಮೇಲಿ ಯಾವ ಊರ ಬಾವಿ ಕೆಟ್ರೂ ಅವರಿಗೇ ಹೇಳಿಕಳಿಸ್ತಿದ್ರು. ಕುದಿಸಿ ಆರಿಸಿದ ನೀರು ಬಿಟ್ರೆ ಬೇರೆ ಕುಡೀತಿರ್ಲಿಲ್ಲ. ಹೋದಲ್ಲೆಲ್ಲ ತಮ್ಮದೇ ಚೊಂಬು.

ನಾನಾಗ ಶಿಕಾರಿಪುರದಲ್ಲಿ ಒಬ್ಬ ಭತ್ತದ ಸಾಹುಕಾರ್ರ ಮನೇಲಿ ಪಂಪಿನ ಎಂಜಿನ್ ನೋಡ್ಕೋತಿದ್ದೆ. ಐವತ್ತೆಂಟೋ ಐವತ್ತೊಂಬತ್ತೋ ಇಸವಿ. ಮದುವೆಯಾಗಿ ಎರಡು ಮಕ್ಕಳಿದ್ವು ನನಗೆ. ಸಾಹುಕಾರ್ರ ಮಗಳಿಗೆ ಜ್ವರ ಬಂದು ಒಂದು ಕಾಲು ಸೋತಿತ್ತು. ದಿನಾ ನೀರಲ್ಲಿ ನಡೆಸ್ರಿ ಅಂತ ಡಾಕ್ಟ್ರು ಹೇಳಿದ್ದಕ್ಕೆ ಹಿತ್ತಲಲ್ಲಿ ಸಿಮೆಂಟಿನ ಈಜುಕೊಳ ಕಟ್ಟಿಸಿದ್ರು. ಊರಿಗೇ ಅದೊಂದೇ. ಹದಿನೈದು ದಿನಕ್ಕೆ ನೀರು ಅಕ್ಕಿ ತೊಳೆದಂಗಾತು. ತಳ ಕಾಣದ ನೀರಿಗೆ ಕೂಸನ್ನ ಇಳಿಸಂಗಿಲ್ಲ, ಜಾರಿದ್ರೆ ಎಲ್ಲಿ ಹುಡುಕೋದು ಅಂತ ಅಮ್ಮಾರು ಹಟ ಹಿಡಿದ್ರು. ಸೋಮವಾರದೊಳಗೆ ತಿಳಿಯಾಗದಿದ್ರೆ ಮಣ್ಣು ಮುಚ್ಚಿಸ್ತೀನಿ ಅಂದ್ರು ಸಾಹುಕಾರ್ರು. ಆಗ ಕಾಂಪೌಂಡರಿಗೆ ಹೇಳಿಕಳಿಸಿದ್ದು.

ಗುರುವಾರ ಬಂದ್ರು. ಪಟಿಕದ ನೀರು ಸುತ್ತ ಚೆಲ್ಲಿ, ಬಿದಿರ ಗಳದಿಂದ ನಿಧಾನಕ್ಕೆ ಕಲಕಿ, "ಇನ್ನು ಮುಟ್ಟಬೇಡಿ. ನೀರಿಗೆ ಪುರುಸೊತ್ತು ಕೊಡಿ" ಅಂದ್ರು. ಆಮೇಲೆ ಬಿಳೀ ಪಿಂಗಾಣಿ ತಟ್ಟೆ ಮೇಲೆ ಡಾಂಬರಲ್ಲಿ ಒಂದಕ್ಷರ ಬರೆದು, ಹಗ್ಗ ಕಟ್ಟಿ ತಳಕ್ಕೆ ಬಿಟ್ರು. ಅಕ್ಷರ ಓದಕ್ಕೆ ಬಂದ್ರೆ ನೀರು ತಿಳಿಯಾತು ಅಂತ ಲೆಕ್ಕ. ಅವರ ಕಣ್ಣಿಗೆ ದೂರದ್ದು ಹತ್ತುತ್ತಿರ್ಲಿಲ್ಲ, ಓದೋ ಕೆಲಸ ನನಗೆ ಬಂತು.

ಮರುದಿನ ಮಧ್ಯಾಹ್ನ ಯಾವ ಅಕ್ಷರ ಅಂತ ಕೇಳಿದ್ರು. ತಟ್ಟೆ ಹೊಳೀತಿತ್ತು. ಕರೀ ಗೆರೆ ಸುತ್ತಿಕೊಂಡು ಕೂತಿದ್ದೂ ಕಾಣ್ತಿತ್ತು. ಅದರ ಹೆಸರು ಮಾತ್ರ ನನಗೆ ಗೊತ್ತಿರ್ಲಿಲ್ಲ.

"ಇನ್ನೂ ಮಬ್ಬೈತ್ರೀ" ಅಂದುಬಿಟ್ಟೆ.

ನಂಬಿ ಇನ್ನೊಂದು ಸಲ ಪಟಿಕ ಹಾಕಿದ್ರು. ಅದು ಹೆಚ್ಚಾಗಿ, ಶನಿವಾರ ಬೆಳಿಗ್ಗೆ ನೋಡಿದ್ರೆ ನೀರು ಹಾಲಾಗಿತ್ತು. ಸಾಹುಕಾರ್ರು ರೇಗಿದಾಗ, ಅಳತೆ ನಂದೇ ತಪ್ಪಿತು ಅಂತ ಕಾಂಪೌಂಡರು ತಲೆ ತಗ್ಗಿಸಿದ್ರು. ಮಣ್ಣಿನ ಗಾಡಿಗೆ ಹೇಳಿಯೂ ಆತು. ಕೂಸು ಜಗಲಿ ಕಂಬ ಹಿಡಕೊಂಡು ನಿಂತು ನೋಡ್ತಿತ್ತು. ನನಗೆ ತಡೀಲಿಲ್ಲ. ಕಾಂಪೌಂಡರನ್ನ ಎಂಜಿನ್ ಕೋಣೆಗೆ ಕರೆದು, ನಿನ್ನೆ ನೀರು ತಿಳಿಯಾಗೇ ಇತ್ತು, ನನಗೆ ಓದು ಬರಲ್ಲ ಅಂತ ಹೇಳಿಬಿಟ್ಟೆ.

ಅವರು ಚೊಂಬೆತ್ತಿ ಒಂದು ಗುಟುಕು ಕುಡಿದ್ರು. "ಮೊದಲೇ ಹೇಳೋದಲ್ವ ಮಾರಾಯ್ರೆ. ಒಂದೇ ಬಸ್ ಚಾರ್ಜಲ್ಲಿ ಇಬ್ಬರಿಗೂ ಔಷಧ ಮಾಡಬಹುದಿತ್ತು."

ಅರ್ಧ ನೀರು ಹೊರಗೆ ಹಾಕಿ, ಬಾವಿಯಿಂದ ಹೊಸದು ಬಿಟ್ವಿ. ಅವರು ಊರಿಗೆ ಹೋಗ್ಲಿಲ್ಲ. ಭಾನುವಾರ ಇಡೀ ದಿನ ಕೊಳದ ಕಟ್ಟೆ ಮೇಲೆ ನನ್ನ ಕೈಗೆ ಇದ್ದಿಲು ಕೊಟ್ಟು ಅಕ್ಷರ ತಿದ್ದಿಸಿದ್ರು. ಯಾರಾದ್ರೂ ಬಂದು ಕೇಳಿದ್ರೆ ಪಟಿಕದ ಅಳತೆ ಹಾಕ್ತಿದ್ದೀವಿ ಅಂತಿದ್ರು.

ಸೋಮವಾರ ಬೆಳಿಗ್ಗೆ ಎಲ್ಲರೂ ಕಟ್ಟೆಗೆ ಬಂದು ನಿಂತ್ರು. ಬೀದೀಲಿ ಮಣ್ಣಿನ ಗಾಡಿಯೂ ನಿಂತಿತ್ತು. ಯಾವ ಅಕ್ಷರ ಅಂತ ಕೇಳಿದ್ರು ಕಾಂಪೌಂಡರು.

"ರ" ಅಂದೆ.

ಅಮ್ಮಾರು ಬಗ್ಗಿ ನೋಡಿ, ಹೌದು ರ ಅಂತ ಒಪ್ಪಿ, ಸೆರಗು ಸಿಗಿಸಿ ಮಗಳ ಕೈ ಹಿಡಿದು ಇಳಿದ್ರು.

ಆಮೇಲೆ ವಾರಕ್ಕೊಮ್ಮೆ ಕಾಂಪೌಂಡರು ಬಂದಾಗೆಲ್ಲ ತಳದಲ್ಲಿ ಹೊಸ ಅಕ್ಷರ, ಬರಬರ್ತಾ ಪದ. ವಯಸ್ಸು ಮೂವತ್ತು ದಾಟಿದ ಮೇಲೆ ಏಳನೇ ಕ್ಲಾಸಿನ ಪರೀಕ್ಷೆಗೆ ಕೂತು ಪಾಸಾದೆ.

ಕೊನೆಗಾಲಕ್ಕೆ ಅವರ ಕಣ್ಣು ಪೂರ್ತಿ ಹೋತು. ಜಡೆಗೆ ಹೋದಾಗ ಪೇಪರು ಓದಿ ಹೇಳ್ತಿದ್ದೆ. ಅವಸರ ಮಾಡಿದ್ರೆ ಪುರುಸೊತ್ತು ಕೊಡಿ ಅಂತಿದ್ರು.

ಅವರು ತೀರಿಕೊಂಡ ಸುದ್ದಿ ಕಾರ್ಡಲ್ಲಿ ಬಂತು. ಯಾರ ಕೈಲೂ ಓದಿಸಬೇಕಾಗಲಿಲ್ಲ. ನಾನೇ ಓದಿಕೊಂಡೆ.