ಎಡಗಡೆಯ ಗಂಟೆ

ನಮ್ಮ ಮನೆ ಬೇಕರಿಯ ಮೇಲೆ. ನಾನು ಮಗಳಿಗೆ ಜಡೆ ಹಾಕುವ ಹೊತ್ತಿಗೆ ಸರಿಯಾಗಿ ಕೆಳಗೆ ಗಂಟೆಯ ಸದ್ದಾಗುತ್ತದೆ. ಗಿರಣಿಯಿಂದ ಹಿಟ್ಟಿನ ಮೂಟೆ ಬಂತು ಅಂತ ಅರ್ಥ. ಕುದುರೆ ಗಾಡಿಯಲ್ಲಿ ಅದನ್ನು ತರುವವರು ಇಡೀ ಬೀದಿಗೆ ಗಾಡಿಮಾವ. ಹೆಂಡತಿ ಹೋದಮೇಲೆ ಅವರಿಗೆ ಸಂಸಾರ ಅಂತ ಉಳಿದದ್ದು ಎರಡೇ ಜೀವ, ದೊಡ್ಡವಳು ಅನ್ನುವ ಕುದುರೆ, ಅವಳ ಮರಿ ಚಿಕ್ಕವನು.

ಚಿಕ್ಕವನು ಹುಟ್ಟಿದಾಗಿನಿಂದ ತಾಯಿಯ ಬಲಗಡೆಗೆ ಅಂಟಿಕೊಂಡೇ ಬೀದಿ ಸುತ್ತಿದವನು. ಮೂಟೆ ಇಳಿಸುವಾಗ ಚೆಲ್ಲಿದ ಹಿಟ್ಟು ನೆಕ್ಕಿ ಮೂಗು ಬೆಳ್ಳಗೆ ಮಾಡಿಕೊಳ್ಳುತ್ತಿದ್ದ. ಮಾವ ದೊಡ್ಡವಳ ಗಾಡಿ ಎಳೆಯುವ ಕೊರಳಪಟ್ಟಿ ಬಿಚ್ಚಿಟ್ಟರೆ ತಾನೇ ಹೋಗಿ ಅದರೊಳಗೆ ತಲೆ ತೂರಿಸುತ್ತಿದ್ದ. ಅದು ಭುಜಕ್ಕೆ ತಗುಲಿದ್ದೇ ತಡ, ಗಾಬರಿಬಿದ್ದು ಕೊಡವಿ ತಾಯಿಯ ಹೊಟ್ಟೆಯಡಿಗೆ ಓಟ. ಎರಡು ವರ್ಷ ತುಂಬಿತ್ತು, ಅಲ್ಲಿ ತಲೆಯೊಂದೇ ಹಿಡಿಸುತ್ತಿತ್ತು.

"ದೊಡ್ಡವನಾಗ್ಬೇಕು ಅಂತಾನೂ ಇದೆ, ಬೇಡಪ್ಪಾ ಅಂತಾನೂ ಇದೆ ಇವನಿಗೆ," ಅಂದರು ಮಾವ.

"ನಮ್ಮನೇಲೂ ಅಂಥದ್ದೊಂದಿದೆ ಮಾವ."

ಮಗಳು ಈ ವರ್ಷ ಶಾಲೆಗೆ ಒಬ್ಬಳೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. "ಅಮ್ಮ, ನೀನು ಬರಬೇಡ. ಆದ್ರೆ ನಾನು ತಿರುವು ದಾಟೋವರೆಗೂ ಕಿಟಕೀಲಿ ಕಾಣ್ತಾ ಇರು," ಎಂದು ಷರತ್ತು ಬೇರೆ.

ಚಳಿಗಾಲ ಬರುವಷ್ಟರಲ್ಲಿ ದೊಡ್ಡವಳ ಮುಂಗಾಲಿನ ಮಂಡಿ ಊದಿತು. ಮರಿ ಗಾಡಿಗೆ ಒಗ್ಗದಿದ್ದರೆ ಅವಳು ಆ ಕಾಲಲ್ಲೇ ಎಳೆಯಬೇಕು. ಮಾವ ಅವಸರಪಟ್ಟು ಇಬ್ಬರನ್ನೂ ಜೋಡಿ ಕಟ್ಟಿ ಕಲಿಸಿದರು, ಎಡಕ್ಕೆ ತಾಯಿ, ಬಲಕ್ಕೆ ಮಗ. ಹದಿನೈದೇ ದಿನಕ್ಕೆ ಚಿಕ್ಕವನು ಸೊಗಸಾಗಿ ಎಳೆದ. ಆಗಿದ್ದ ತಪ್ಪು ತಿಳಿದದ್ದು ದೊಡ್ಡವಳನ್ನು ಲಾಯದಲ್ಲಿ ಬಿಟ್ಟು ಬಂದ ದಿನ. ಅವನು ಗಾಡಿ ಎಳೆಯುವುದನ್ನು ಕಲಿತಿರಲಿಲ್ಲ, ತಾಯಿಯ ಪಕ್ಕದಲ್ಲಿ ನಡೆಯುವುದನ್ನಷ್ಟೇ ಕಲಿತಿದ್ದ. ಬೀದಿ ತಿರುವಿನಲ್ಲಿ ನಿಂತು ಕೆನೆದ. ದೂರದ ಲಾಯದಿಂದ ಅವಳು ಓಗೊಟ್ಟಳು. ಅಷ್ಟೇ, ಅವನು ಮುಂದಕ್ಕೆ ಒಂದು ಹೆಜ್ಜೆಯೂ ಇಡಲಿಲ್ಲ. ಮೂರು ದಿನ ಹೀಗೇ. ಮೂರು ದಿನವೂ ಕುಂಟುತ್ತಾ ದೊಡ್ಡವಳೇ ಬರಬೇಕಾಯಿತು.

ನಾಲ್ಕನೆಯ ದಿನ ಗಂಟೆ ಕೇಳಿ ಕಿಟಕಿಯಿಂದ ಇಣುಕಿದೆ. ದೊಡ್ಡವಳು ಇರಲಿಲ್ಲ. ಅವಳ ಕೊರಳ ಗಂಟೆಯನ್ನು ಮಾವ ತಮ್ಮ ಕೊರಳಿಗೆ ಕಟ್ಟಿಕೊಂಡು, ಮರಿಯ ಎಡಗಡೆ ಅವಳದೇ ಲಯದಲ್ಲಿ ಹೆಜ್ಜೆ ಹಾಕುತ್ತಾ ಬರುತ್ತಿದ್ದರು.

"ಏನ್ ಮಾವ, ಕೊನೆಗೂ ನಿಮಗೇ ಗಂಟೆ ಕಟ್ಟಿಬಿಟ್ರಾ?" ಬೇಕರಿಯಣ್ಣ ನಕ್ಕ.

"ನಗಪ್ಪಾ, ನಗು. ಲಗಾಮೊಂದು ಬಾಕಿ, ಅದನ್ನ ನೀನೇ ಹಾಕು."

ಅಂದಿನಿಂದ ಅವರು ಗಾಡಿಯ ಮೇಲೆ ಕೂರಲೇ ಇಲ್ಲ. ಕ್ಯಾರೆಟ್ ಸಿಪ್ಪೆ ಕೊಡಲು ನಾನು ಕೆಳಗಿಳಿದಾಗ ನೋಡುತ್ತಿದ್ದೆ: ಚಿಕ್ಕವನು ಒಂದು ಬಾಯಿ ತಿನ್ನುವುದು, ಎಡಕ್ಕೆ ತಿರುಗಿ ನೋಡುವುದು. ತಾಯಿಯ ಬದಲು ಮುದುಕ ಕಂಡರೆ ಕಿವಿ ಜೋತುಬೀಳುತ್ತಿತ್ತು. ಆದರೂ ಮಾವ ಗಂಟೆ ಕೇಳುವಂತೆ ಕತ್ತು ಅಲ್ಲಾಡಿಸಿದರೆ ಹೊರಡುತ್ತಿದ್ದ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ದೊಡ್ಡವಳು ಏಳಲಿಲ್ಲ. ಚಿಕ್ಕವನು ಅವಳ ಮೈಯೆಲ್ಲ ಮೂಸಿದನಂತೆ, ಹೊಟ್ಟೆಯ ಹತ್ತಿರ ಬಹಳ ಹೊತ್ತು ನಿಂತನಂತೆ. ಆಮೇಲೆ ತಾನೇ ಬಂದು ಕೊರಳಪಟ್ಟಿಯೊಳಗೆ ತಲೆ ತೂರಿಸಿದ. "ಈ ಸಲ ಕೊಡವಲಿಲ್ಲಮ್ಮಾ," ಅಂದರು ಮಾವ, ಹೇಳಿ ಮುಖ ತಿರುಗಿಸಿಕೊಂಡರು.

ಇವತ್ತು ಕೆಳಗೆ ಗಂಟೆ ಕೇಳಲಿಲ್ಲ. ಗಾಡಿ ಬಂದಿಲ್ಲವೇನೋ ಅಂದುಕೊಂಡು ಮಗಳನ್ನು ಕಳಿಸಲು ಇಳಿದರೆ, ಚಿಕ್ಕವನು ಬೆಳ್ಳನೆ ಮೂಗಿನೊಂದಿಗೆ ನಿಂತಿದ್ದಾನೆ.

"ಮಾವ, ಗಂಟೆ ಎಲ್ಲಿ?"

ಅವರು ಕೊರಳು ತಡವಿಕೊಂಡರು. "ಅಯ್ಯೋ, ಲಾಯದ ಗೂಟದಲ್ಲೇ ಮರೆತೆ ನೋಡು." ಆಮೇಲೆ ಚಿಕ್ಕವನ ಕಡೆ ನೋಡಿ, "ದಾರಿಯುದ್ದಕ್ಕೂ ಇವನು ಗಂಟೆ ಎಲ್ಲಿ ಅಂತ ಕೇಳಲೇ ಇಲ್ವಲ್ಲ," ಅಂದರು.

"ಒಳ್ಳೇದೇ ಆಯ್ತಲ್ಲ ಮಾವ. ಇನ್ಮೇಲೆ ಆರಾಮಾಗಿ ಮೇಲೆ ಕೂತ್ಕೊಂಡು ಬನ್ನಿ."

"ಒಳ್ಳೇದೇ," ಅಂದರು. ಹಿಟ್ಟಿನ ಮೂಟೆಯ ಮೇಲೆ ಕೂತವರು ಬೇಕರಿಯಣ್ಣ ಎರಡು ಸಲ ಕರೆದರೂ ಏಳಲಿಲ್ಲ.

ಹೊರಡುವಾಗ ಚಿಕ್ಕವನು ಎಡಕ್ಕೆ ನೋಡಲಿಲ್ಲ. ಆದರೆ ರಸ್ತೆಯ ಬಲ ಅಂಚಿಗೇ ಸರಿದು ನಡೆದ, ಎಡಪಕ್ಕದಲ್ಲಿ ಒಂದು ಕುದುರೆ ಹಿಡಿಸುವಷ್ಟು ಜಾಗ ಬಿಟ್ಟು. ಮಾವ ಗಾಡಿಯ ಮೇಲೆ ಹತ್ತಲಿಲ್ಲ. ಆ ಜಾಗಕ್ಕೆ ಹೋಗಿ, ಬರಿಗೊರಳಲ್ಲಿ ನಡೆಯತೊಡಗಿದರು.