ಗೋಡೆಯ ಕಡೆ ತಿರುಗಿ ಕೂತ ದಿನ

ಯಂತ್ರದ ಬೆಲ್ಟ್ ಹರಿದು ಹೋದ ದಿನ ನಾನು ರಜಿಯಾಳನ್ನು ಬೈದೆ. ನನ್ನ ಕಾಯಿಲೆ ನನಗೆ ಗೊತ್ತಾಗಲು ಶುರುವಾದದ್ದು ಹಾಗೆ, ಇನ್ನೊಬ್ಬರನ್ನು ಬೈಯುತ್ತಾ.

ಚಾಮರಾಜಪೇಟೆಯ ಹಳೆಯ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ನನ್ನ ಕೆಲಸ. ಆಯಾ ಆಗಿ ಸೇರಿದವಳು ತೊಂಬತ್ತರ ದಶಕದ ಮೊದಲಲ್ಲಿ ನೆಲಮಾಳಿಗೆಯ ಲಾಂಡ್ರಿಗೆ ಇಳಿದೆ. ಅಲ್ಲಿ ನಾವು ಹೈಡ್ರೋ ಎಂದು ಕರೆಯುವ ಯಂತ್ರವಿದೆ. ಒಗೆದ ಬೆಡ್‌ಶೀಟುಗಳನ್ನು ಗಿರಗಿರನೆ ತಿರುಗಿಸಿ ನೀರು ಹಿಂಡುವ ಉಕ್ಕಿನ ಡ್ರಮ್ಮು. ಮೊದಲು ಅದನ್ನು ಗಂಡಸರೇ ನಡೆಸುತ್ತಿದ್ದರು. ನಮ್ಮ ಆಸ್ಪತ್ರೆಯಲ್ಲಿ ಅದರ ಸ್ವಿಚ್ಚಿಗೆ ಕೈ ಹಾಕಿದ ಮೊದಲ ಹೆಂಗಸು ನಾನು. ಹತ್ತು ವರ್ಷಕ್ಕೂ ಮೇಲೆ ನಡೆಸಿದೆ. ಬಟ್ಟೆ ಒಂದೇ ಕಡೆ ಭಾರವಾಗಿ ಕೂತಿದೆಯೇ, ಬೇರಿಂಗಿಗೆ ಗ್ರೀಸ್ ಬೇಕೇ, ಎಲ್ಲವನ್ನೂ ಶಬ್ದದಲ್ಲೇ ಹೇಳುತ್ತಿದ್ದೆ. ಮೆಕ್ಯಾನಿಕ್ ಬಂದರೆ ಯಂತ್ರ ಬಿಚ್ಚುವ ಮೊದಲು ನನ್ನನ್ನು ಕೇಳುತ್ತಿದ್ದ. ಇದನ್ನು ಜಂಬ ಅನ್ನುವವರು ಅನ್ನಲಿ. ಜಂಬವೇ.

ಬೆಲ್ಟ್ ಹರಿಯುವ ಮುಂಚೆ ಕೀರಲು ಶಬ್ದ ಬರಬೇಕು. ಅವತ್ತು ಬರಲಿಲ್ಲ. ಅದಕ್ಕೇ ತಪ್ಪು ರಜಿಯಾಳದ್ದು ಎಂದುಕೊಂಡೆ. ಡ್ರಮ್ಮಿಗೆ ಬಟ್ಟೆ ತುಂಬುವವಳು ಅವಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಎದುರು ಮಾತಾಡುವವಳಲ್ಲ.

"ಅಳತೆ ಇಲ್ದೆ ತುಂಬಿದ್ರೆ ಇನ್ನೇನಾಗತ್ತೆ?" ಅಂದೆ.

"ಬೆಳಿಗ್ಗೆಯಿಂದ ಕಿರುಚ್ತಾನೇ ಇತ್ತಲ್ಲಕ್ಕಾ," ಅಂದಳು. "ನಿಮ್ಗೆ ಗೊತ್ತಿರತ್ತೆ ಅಂತ ಸುಮ್ನಿದ್ದೆ."

ನನಗೆ ಕೇಳಿಸಿರಲಿಲ್ಲ.

ಸೂಪರ್‌ವೈಸರ್ ಕಿವಿ ತೋರಿಸಿಕೊಂಡು ಬನ್ನಿ ಎಂದು ಮೇಲಿನ ಇಎನ್‌ಟಿ ವಿಭಾಗಕ್ಕೆ ಕಳಿಸಿದರು. ಪುಟ್ಟ ಕೋಣೆ. ಎದುರಿಗೆ ಪರೀಕ್ಷೆ ಮಾಡುವ ಹುಡುಗಿ, ನಡುವೆ ಮೇಜು, ಮೇಜಿನ ಮೇಲೆ ಆಡಿಯೋಮೀಟರ್. ಹೆಡ್‌ಫೋನ್ ಹಾಕಿ, ಶಬ್ದ ಕೇಳಿಸಿದಾಗಲೆಲ್ಲ ಬೆರಳೆತ್ತಿ ಎಂದಳು. ಎತ್ತಿದೆ. ರಿಪೋರ್ಟು ಬಂತು: ನಾರ್ಮಲ್. ಅದನ್ನು ಹಿಡಿದುಕೊಂಡು ಲಾಂಡ್ರಿಯ ಎಲ್ಲರ ಮುಂದೂ ಒಂದು ಸುತ್ತು ಹಾಕಿದೆ. ರಜಿಯಾಳ ಮುಂದೆ ಎರಡು ಸುತ್ತು.

ನಮ್ಮ ಯಜಮಾನರಿಗೆ ಅವೆನ್ಯೂ ರಸ್ತೆಯ ಅಂಗಡಿಯೊಂದರಲ್ಲಿ ಪುಸ್ತಕದ ಬೈಂಡಿಂಗ್ ಕೆಲಸ. ಮಾತು ಕಡಿಮೆ, ಆಡಿದರೂ ಮೆಲ್ಲಗೆ. ಆ ಭಾನುವಾರ ಅವರಿಗೂ ರಿಪೋರ್ಟು ತೋರಿಸಿದೆ. ಓದಿದರು. ಕನ್ನಡಕ ತೆಗೆದಿಟ್ಟು, "ಒಂದ್ನಿಮಿಷ ಗೋಡೆ ಕಡೆ ತಿರುಗ್ಕೋ ಸಾವಿತ್ರಿ" ಎಂದರು.

ತಿರುಗಿದೆ. ಕಾದೆ. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ನೋಡಿದೆ. ಕೊನೆಗೆ ಬೇಸರವಾಗಿ, "ಏನಾದ್ರೂ ಮಾತಾಡ್ರೀ" ಎಂದೆ.

ಅವರು ಆಗಲೇ ಮೂರು ಸಲ ಮಾತಾಡಿದ್ದರು.

ತಿರುಗಿ ನೋಡಿದರೆ ಅವರ ಕಣ್ಣಲ್ಲಿ ನೀರು. "ಎರಡು ವರ್ಷದಿಂದ ಕರೆದ್ರೆ ತಿರುಗ್ತಾ ಇರ್ಲಿಲ್ಲ ನೀನು. ನನ್ ಮೇಲೆ ಕೋಪ ಅನ್ಕೊಂಡಿದ್ದೆ," ಎಂದರು. ಎರಡು ವರ್ಷ ಈ ಮನುಷ್ಯ ಇಲ್ಲದ ತಪ್ಪನ್ನು ತನ್ನಲ್ಲಿ ಹುಡುಕಿಕೊಂಡಿದ್ದರಲ್ಲ.

ಹಾಗಾದರೆ ಆ ರಿಪೋರ್ಟು? ಒಲೆಯ ಮುಂದೆ ನಿಂತು ಯೋಚಿಸಿದಾಗ ಗೊತ್ತಾಯಿತು. ನಮ್ಮ ಲಾಂಡ್ರಿಯಲ್ಲಿ ಮಾತು ನಡೆಯುವುದಿಲ್ಲ. ಹೈಡ್ರೋ ಶುರುವಾದರೆ ಪಕ್ಕದವರ ಕೂಗೂ ಕೇಳಿಸದು. ಹಾಗಾಗಿ ನಾವು ಕೈ ಮತ್ತು ತುಟಿ ನೋಡಿ ಬದುಕುವವರು. ಹಣೆ ಮುಟ್ಟಿದರೆ ಆಪರೇಷನ್ ಥಿಯೇಟರಿನ ಬಟ್ಟೆ, ಹೊಟ್ಟೆ ಮುಟ್ಟಿದರೆ ಹೆರಿಗೆ ವಾರ್ಡಿನದು. ಆ ಹುಡುಗಿ ಗುಂಡಿ ಒತ್ತಿದಾಗಲೆಲ್ಲ ಅವಳ ಮಣಿಕಟ್ಟು ಅಲುಗುತ್ತಿತ್ತು. ನಾನು ಕೇಳಿದ್ದಲ್ಲ, ನೋಡಿದ್ದು. ಮೋಸ ಮಾಡಬೇಕೆಂದು ಖಂಡಿತ ಅಲ್ಲ. ಕೈ ಅಲುಗಿದರೆ ಉತ್ತರ ಕೊಡುವುದು ಹತ್ತು ವರ್ಷದ ಅಭ್ಯಾಸ.

ನಾರ್ಮಲ್ ಎಂಬ ಕಾಗದ ಕೈಯಲ್ಲಿತ್ತು. ಸುಮ್ಮನಿದ್ದರೆ ಯಂತ್ರ ನನ್ನದೇ. ಹೇಳಿದರೆ ಮೊದಲು ಕಿತ್ತುಕೊಳ್ಳುವುದು ಅದನ್ನೇ, ನಾನು ಹೋರಾಡಿ ಪಡೆದ ಜಾಗವನ್ನೇ. ಆದರೆ ಡ್ರಮ್ಮಿನೊಳಗೆ ದಿನಾ ಕೈ ಹಾಕುವವಳು ರಜಿಯಾ. ನಿಲ್ಲಿಸಿ ಎಂದು ಅವಳು ನನ್ನ ಬೆನ್ನ ಹಿಂದೆ ಕಿರುಚಿದರೆ? ಸ್ವಿಚ್ಚಿನ ಮೇಲೆ ನನ್ನ ಬೆರಳು, ಮುಖ ಆಚೆ ಕಡೆ.

ಮಾರನೆಯ ದಿನ ನಾನಾಗಿಯೇ ಮೇಲಕ್ಕೆ ಹೋದೆ. "ಇನ್ನೊಂದ್ಸಲ ಮಾಡಿ ಮೇಡಂ," ಎಂದು ಕುರ್ಚಿಯನ್ನು ಎತ್ತಿ ಗೋಡೆಯ ಕಡೆ ತಿರುಗಿಸಿ ಕೂತೆ. ಈ ಸಲ ಬೆರಳು ಬಹಳ ಹೊತ್ತು ಮಡಿಲಲ್ಲೇ ಇತ್ತು.

ಇಎನ್‌ಟಿ ಡಾಕ್ಟರು ಹೊಸ ಕಾಗದ ನೋಡಿದರು. ಗೆರೆ ಬಲಗಡೆ ಹೋಗುತ್ತಾ ದಡಕ್ಕನೆ ಕೆಳಗಿಳಿದಿತ್ತು, ಎರಡೂ ಕಿವಿಯದು. ಗೆರೆ ಇಳಿದಷ್ಟೂ ಕಿವಿ ಹೋಗಿದೆ ಎಂದರ್ಥವಂತೆ.

"ಶಬ್ದದಿಂದ ಆಗಿರೋದಮ್ಮ. ಒಳಗಿನ ನರ ಹಾಳಾಗಿದೆ. ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು."

ಅತ್ತೆ. ಅಳುವುದಕ್ಕೆ ನಾಚಿಕೆಯೇನು? ಕಾಲು ಮುರಿದರೆ ಜನ ನೋಡಲು ಬರುತ್ತಾರೆ, ಹಣ್ಣು ತರುತ್ತಾರೆ. ಕಿವಿ ಹೋದರೆ ನಗುತ್ತಾರೆ.

ನನ್ನನ್ನು ಯಂತ್ರದಿಂದ ತೆಗೆದು ಬಟ್ಟೆ ಮಡಿಸುವ ಮೇಜಿಗೆ ಹಾಕಬೇಕೆಂದು ಡಾಕ್ಟರು ಪತ್ರ ಬರೆಯತೊಡಗಿದರು. ಆಗ ನನಗೆ ಸಿಟ್ಟು ಬಂತು. ನಾನು ಎದ್ದರೆ ಆ ಸ್ಟೂಲಿನ ಮೇಲೆ ಕೂರುವವಳು ರಜಿಯಾ. ಹತ್ತು ವರ್ಷದ ನಂತರ ಅವಳೂ ಇದೇ ಕೋಣೆಗೆ ಬರುತ್ತಾಳೆ, ಮಣಿಕಟ್ಟು ನೋಡಿಕೊಂಡು ನಾರ್ಮಲ್ ಆಗಿ ಹೋಗುತ್ತಾಳೆ.

"ಸಾರ್, ನೀವು ಒಂದ್ಸಲ ಕೆಳಗೆ ಬನ್ನಿ. ಆಮೇಲೆ ಆ ಪತ್ರ ಇಸ್ಕೋತೀನಿ."

ಅಷ್ಟು ವರ್ಷ ಅದೇ ಕಟ್ಟಡದಲ್ಲಿದ್ದರೂ ಅವರು ಲಾಂಡ್ರಿ ನೋಡಿರಲಿಲ್ಲ. ಬಂದರು. ಹೈಡ್ರೋ ಶುರುವಾಯಿತು. ಡಾಕ್ಟರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು, ನಮ್ಮ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರು ಏನೋ ಕೇಳಿದರು, ನಾನು ತುಟಿ ನೋಡಿ ಉತ್ತರ ಕೊಟ್ಟೆ. ನನ್ನ ಉತ್ತರ ಅವರಿಗೆ ತಿಳಿಯಲಿಲ್ಲ. ಆ ಕೋಣೆಯಲ್ಲಿ ಕಿವುಡರು ಅವರೇ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. "ಎಲ್ಲರಿಗೂ ಟೆಸ್ಟ್ ಮಾಡಿಸೋಣ" ಎಂದರು.

"ಮಾಡ್ಸಿ. ಆದ್ರೆ ಕುರ್ಚಿ ನಾನು ಹಾಕ್ತೀನಿ ಸಾರ್."

ಹಾಕಿದೆ. ಒಬ್ಬೊಬ್ಬರನ್ನೂ ಗೋಡೆಗೆ ಮುಖ ಮಾಡಿಸಿ ಕೂರಿಸಿದೆ. ಕೆಲವರು ನನ್ನನ್ನು ಶಪಿಸಿದರು, ಕೆಲಸ ಕಳೆಯುತ್ತಾಳೆ ಎಂದರು. ನಾಲ್ಕು ಜನರ ಕಿವಿಯಲ್ಲಿ ತೊಂದರೆ ಕಂಡಿತು. ರಜಿಯಾಳದ್ದು ಸ್ವಲ್ಪವೇ, ಈಗಷ್ಟೇ ಶುರು. ಯಾರ ಕೆಲಸವೂ ಹೋಗಲಿಲ್ಲ. ಡಾಕ್ಟರು ಕಚೇರಿಗೆ ಬರೆದೂ ಬರೆದೂ ತಿಂಗಳುಗಳ ಮೇಲೆ ಶಬ್ದ ತಗ್ಗಿಸಲು ಹೈಡ್ರೋ ಕೆಳಗೆ ದಪ್ಪ ರಬ್ಬರ್ ಬಂತು, ಕಿವಿಗೆ ಹಾಕುವ ಮಫ್ ಬಂತು. ಯಂತ್ರದ ಮುಂದೆ ಯಾರೂ ಎರಡು ಗಂಟೆಗಿಂತ ಹೆಚ್ಚು ನಿಲ್ಲಬಾರದು ಎಂಬ ನಿಯಮ ಬಂತು. ಸಮಯ ನೋಡಿ ಆಳು ಬದಲಾಯಿಸುವ ಜವಾಬ್ದಾರಿ ನನಗೆ ಕೊಟ್ಟರು. ಅದಕ್ಕೆ ಕಿವಿ ಬೇಡ, ಬಾಯಿ ಬೇಕು. ಅದು ನನಗೆ ಚೆನ್ನಾಗಿಯೇ ಇದೆ.

ನನಗೀಗ ಕಿವಿಯ ಹಿಂದೆ ಕೇಳಿಸುವ ಮೆಷಿನ್. ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿಗೆ ಹೋದರೆ ಎಲ್ಲಾ ಹಾರ್ನೂ ಒಟ್ಟಿಗೇ ತಲೆಯೊಳಗೆ ನುಗ್ಗುತ್ತದೆ, ತೆಗೆದು ಪರ್ಸಿಗೆ ಹಾಕಿಕೊಳ್ಳುತ್ತೇನೆ. ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುವುದು ನಿಂತಿಲ್ಲ, ನಿಲ್ಲುವುದೂ ಇಲ್ಲವಂತೆ. ಯಜಮಾನರು ಈಗ ನನ್ನ ಎದುರಿಗೆ ಬಂದು ಕೂತು ಮಾತಾಡುತ್ತಾರೆ. ಮದುವೆಯಾದ ಹೊಸದರಲ್ಲೂ ಇಷ್ಟು ಮುಖ ನೋಡಿ ಮಾತಾಡಿದವರಲ್ಲ.

ಕಳೆದ ವಾರ ಈ ವರ್ಷದ ಕಿವಿ ಪರೀಕ್ಷೆ ನಡೆಯಿತು. ರಜಿಯಾಳ ಹಳೆಯ ಕಾಗದದ ಮೇಲೆ ಹೊಸದನ್ನಿಟ್ಟು ಕಾರಿಡಾರಿನ ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಗೆರೆಗಳೂ ಒಂದರ ಮೇಲೊಂದು ಕೂತವು.

"ಏನಕ್ಕಾ, ಏನಾಗಿದೆ?" ಅವಳ ಮುಖ ಬಿಳುಚಿಕೊಂಡಿತ್ತು.

"ಏನೂ ಆಗಿಲ್ಲ ಕಣೇ! ಒಂಚೂರೂ ಇಳಿದಿಲ್ಲ!"

ನನ್ನ ದನಿ ಎಷ್ಟು ಜೋರು ಎಂದು ನನಗೆ ಈಗ ಅಂದಾಜು ಸಿಗುವುದಿಲ್ಲ. ಸಾಲಿನಲ್ಲಿ ಕೂತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ರಜಿಯಾ ನನ್ನ ಸೆರಗು ಜಗ್ಗಿದಳು.

"ಮೆಲ್ಲಗಕ್ಕಾ, ಎಲ್ರಿಗೂ ಕೇಳ್ಸತ್ತೆ."

"ಕೇಳ್ಸ್ಲಿ ಬಿಡೇ," ಎಂದೆ.