ಕಟ್ಟದ ಹಲಗೆ ಯಾರ ಕೈಯಲ್ಲಿ

ಚುನಾವಣೆ ಬಂತೆಂದರೆ ನನಗೆ ಎಲ್ಲ ಪಕ್ಷಗಳೂ ಒಳ್ಳೆಯವಾಗಿಯೇ ಕಾಣುತ್ತವೆ. ಮೂಡುಬಿದಿರೆಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಎಲ್ಲರ ಕರಪತ್ರವೂ ಅಲ್ಲಿಗೇ ಬರಬೇಕು. ಗಿರಾಕಿಗಳು ರಾಜಕೀಯ ತೆಗೆದರೆ ನಾನು ಮಳೆಯ ವಿಷಯಕ್ಕೆ ಹೊರಳುತ್ತೇನೆ. ಇಷ್ಟು ಸಣ್ಣ ವ್ಯಾಪಾರವೇ ನನ್ನ ಬಾಯಿ ಕಟ್ಟುವುದಾದರೆ, ನೂರಾರು ಕೋಟಿಯ ಧಣಿಗಳು ತಮ್ಮ ವ್ಯವಹಾರವನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ರಾಜಕೀಯದ ಒಳಗೆ ಬರುತ್ತಾರೆಂದು ನಂಬುವುದು ಹೇಗೆ?

ಅಂಥವರೊಬ್ಬರು ನಾರಾವಿ ಕಡೆಯ ನಮ್ಮ ಊರಿಗೆ ಬಂದರು. ದುಬೈಯಲ್ಲಿ ಹೋಟೆಲುಗಳು, ನಮ್ಮ ಹೊಳೆಯ ಮೇಲ್ಭಾಗದಲ್ಲಿ ಹೊಸ ರೆಸಾರ್ಟು, ಈಗ ಚುನಾವಣೆಯ ಟಿಕೆಟು. ಶಾಲೆಯ ಜಗಲಿಯಲ್ಲಿ ಸಭೆ. ಮೈಕಿನ ಎದುರು ನಮ್ಮವರ ತುಳು ತಾನಾಗಿ ಕನ್ನಡವಾಗುತ್ತದೆ.

"ವ್ಯವಹಾರ ಬೇರೆ, ರಾಜಕೀಯ ಬೇರೆ. ನಾನು ಎರಡನ್ನೂ ಬೆರೆಸುವವನಲ್ಲ ಮಾರಾಯ್ರೆ. ನೀವು ವರ್ಷ ವರ್ಷ ಮಣ್ಣು ಹೊರುವುದು ಸಾಕು. ಹೊಳೆಗೆ ಕಾಂಕ್ರೀಟಿನ ಕಟ್ಟ ಮಾಡಿಸಿಕೊಡ್ತೇನೆ," ಎಂದರು ಧಣಿಗಳು. ಜಾಗವನ್ನೂ ಹೇಳಿದರು: ರೆಸಾರ್ಟಿನ ಬದಿಯಲ್ಲೇ.

ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ಹೊಳೆಗೆ ಕಲ್ಲು, ಮಣ್ಣು, ಹಲಗೆಗಳ ಕಟ್ಟ ಹಾಕಿ ಗದ್ದೆಗಳಿಗೆ ನೀರು ನಿಲ್ಲಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅದಕ್ಕೊಂದು ಕಟ್ಟುಪಾಡು ಉಂಟು. ಹಲಗೆ ಎತ್ತಿ ನೀರು ಬಿಡುವ ಅಧಿಕಾರ ಎಲ್ಲರಿಗಿಂತ ಕೆಳಗಿನ ಗದ್ದೆಯವರದ್ದು, ಏಕೆಂದರೆ ನೀರು ಬಾರದಿದ್ದರೆ ಮೊದಲು ಒಣಗುವುದು ಅವರ ಪೈರು. ಮೇಲಿನವನು ಎಷ್ಟು ಒಳ್ಳೆಯವನಾದರೂ ಅವನ ಕೈಗೆ ಹಲಗೆ ಕೊಡುವುದಿಲ್ಲ. ಇದರಲ್ಲಿ ಅವಮಾನವೇನೂ ಇಲ್ಲ. ತುಂಬಿದ ಗದ್ದೆಯಲ್ಲಿ ನಿಂತವನಿಗೆ ಒಣಗಿದ್ದು ಕಾಣುವುದಿಲ್ಲ, ಅಷ್ಟೇ.

ಆ ಕೆಳಗಿನ ಗದ್ದೆ ಗಿರಿಜಕ್ಕನದು. ಅವರ ವರ್ಷದ ಅಕ್ಕಿ ಅದರಲ್ಲೇ ಬೆಳೆಯಬೇಕು. ಅವರು ಕುಳಿತಲ್ಲಿಂದಲೇ ಕೇಳಿದರು: "ಒಳ್ಳೆಯದಾಯ್ತು ಧಣಿಗಳೇ. ಹಲಗೆ ನಮ್ಮ ಕೈಯಲ್ಲೇ ಇರ್ತದಲ್ಲ?"

ಧಣಿಗಳು ಪ್ರೀತಿಯಿಂದಲೇ ನಕ್ಕರು. "ನಿಮಗೆ ಯಾಕೆ ಆ ತಲೆಬಿಸಿ ಅಕ್ಕ? ನಮ್ಮ ರೆಸಾರ್ಟಿನ ಮ್ಯಾನೇಜರ್ ಇದ್ದಾನೆ, ಅವನು ನೋಡಿಕೊಳ್ತಾನೆ."

ಅವರು ಸುಳ್ಳು ಹೇಳಿರಲಿಲ್ಲ. ಎರಡೂ ಬೇರೆ ಎಂದು ಮನಸಾರೆ ನಂಬಿದ್ದರು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಆ ವಾರವೇ ಅವರ ಕಡೆಯವರು ಕರಪತ್ರ ಅಚ್ಚು ಹಾಕಿಸಲು ನನ್ನಲ್ಲಿಗೆ ಬಂದರು. ಮೇಲೆ ಧಣಿಗಳ ಫೋಟೊ, ಕೆಳಗೆ 'ಎಲ್ಲರಿಗೂ ನೀರು'. ಮಳೆಯ ವಿಷಯ ತೆಗೆಯಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆಯೇ: "ಹಲಗೆ ಕೆಳಗಿನವರ ಕೈಯಲ್ಲಿ ಅಂತ ಒಂದು ಸಾಲು ಸೇರಿಸುವಾ?"

"ಕೇಳಿ ಹೇಳ್ತೇವೆ," ಎಂದು ಹೋದವರು ಬೆಳ್ತಂಗಡಿಯಲ್ಲಿ ಅಚ್ಚು ಹಾಕಿಸಿದರಂತೆ.

ಗಿರಿಜಕ್ಕನ ಜೊತೆ ಆ ವರ್ಷವೂ ಮಣ್ಣು ಹೊತ್ತೆ. ಬೆನ್ನು ಇನ್ನೂ ನೋಯುತ್ತಿದೆ. ಮುದ್ರಣಾಲಯದಲ್ಲಿ ಕೆಲಸ ಕಡಿಮೆ. ಧಣಿಗಳಿಗೆ ಸಾಧ್ಯವಾಗದ್ದು ನನಗೆ ಸಾಧ್ಯವಾಯಿತು ನೋಡಿ: ನನ್ನ ರಾಜಕೀಯವೂ ವ್ಯಾಪಾರವೂ ಕೊನೆಗೂ ಬೇರೆಬೇರೆಯಾದವು.